ಮೂರನೇ ಮಹಡಿಯಿಂದ ನಾನು ಕೆಳಗಿಳಿಸಿದ ಹುಡುಗಿ

ಆ ಹುಡುಗಿಯ ಫೋಟೋ ನೋಡಿ, ಹೆಸರು ಓದಿ, ಇವಳು ಹೊರದೇಶದವಳು ಎಂದು ತೀರ್ಮಾನ ಮಾಡಿದವಳು ನಾನೇ. ಯಾರೂ ನನಗೆ ಹಾಗೆಂದು ಹೇಳಿರಲಿಲ್ಲ, ಬರೆದುಕೊಟ್ಟಿರಲೂ ಇಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳಲು ಬಾಯಿ ಬರುತ್ತದೆ.

ಯಾದಗಿರಿಯಿಂದ ಶಹಾಪುರದ ಕಡೆ ಬರುವಾಗ ಹತ್ತಿ, ತೊಗರಿ ಹೊಲಗಳ ನಡುವೆ ಇದ್ದ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ನಾನು ಹುಡುಗಿಯರ ಹಾಸ್ಟೆಲಿನ ಸಹಾಯಕ ವಾರ್ಡನ್. ವಾರವಿಡೀ ಹಾಸ್ಟೆಲಿನ ಕೆಳಗಿನ ಕೋಣೆಯಲ್ಲೇ ವಾಸ. ಶನಿವಾರ ಮಧ್ಯಾಹ್ನ ಶೇರ್ ಆಟೋ ಹತ್ತಿ ನಮ್ಮೂರು ಗೋಗಿಗೆ, ಅಮ್ಮಿಯ ಹತ್ತಿರ ಹೋಗಿ, ಭಾನುವಾರ ವಾಪಸ್ ಬರುತ್ತಿದ್ದೆ.

ಪ್ರವೇಶದ ದಿನಗಳಲ್ಲಿ ನನ್ನ ಕೆಲಸ ಕೋಣೆ ಹಂಚುವುದು. ಪ್ರವೇಶ ವಿಭಾಗದಿಂದ ಒಂದು ಪಟ್ಟಿ ಬರುತ್ತಿತ್ತು. ಅದರಲ್ಲಿ ಹೆಸರು, ಕೋರ್ಸು, ಫೋಟೋ, ಫೋನ್ ನಂಬರು ಇರುತ್ತಿದ್ದವು. ಕೋಣೆಯ ಅಂಕಣ ಮಾತ್ರ ಖಾಲಿ, ಅದನ್ನು ನಾನು ತುಂಬಬೇಕು. ಕೆಳಗಿನ ಎರಡು ಮಹಡಿ ನಮ್ಮ ಕಡೆಯ ಹುಡುಗಿಯರಿಗೆ. ಮೂರನೇ ಮಹಡಿ ವಿದೇಶದಿಂದ ಬಂದವರಿಗೆ, ಅಲ್ಲಿ ಅವರು ತಾವೇ ಬೇಯಿಸಿಕೊಳ್ಳಲು ಒಂದು ಸಣ್ಣ ಅಡಿಗೆಮನೆಯೂ ಇತ್ತು. ವಿದೇಶಿಯರ ವಿಷಯದಲ್ಲಿ ಇನ್ನೊಂದು ಕೆಲಸ ಹೆಚ್ಚು. ಅವರು ಬಂದಿಳಿದ ಒಂದು ದಿನದೊಳಗೆ ಪಾಸ್‌ಪೋರ್ಟ್ ನಂಬರು, ವೀಸಾ ನಂಬರು ಎಲ್ಲ ತುಂಬಿ ಪೊಲೀಸರಿಗೆ ಕಂಪ್ಯೂಟರಿನಲ್ಲೇ ಒಂದು ನಮೂನೆ ಕಳಿಸಬೇಕು. ತಡವಾದರೆ ಬೈಗುಳ ನನಗೆ.

ಆ ವರ್ಷ ತಾಂಜಾನಿಯಾ, ಸುಡಾನ್ ಕಡೆಯ ಹುಡುಗಿಯರ ಒಂದು ತಂಡ ಹೈದರಾಬಾದಿನಿಂದ ರೈಲಿನಲ್ಲಿ ಬರುವುದಿತ್ತು. ಅವರ ಹೆಸರುಗಳಿದ್ದ ಪುಟದಲ್ಲೇ ಈ ಹುಡುಗಿಯ ಫೋಟೋ ಇತ್ತು. ನರ್ಸಿಂಗ್ ಮೊದಲ ವರ್ಷ. ಕಪ್ಪು ಮುಖ, ಗುಂಗುರು ಕೂದಲು, ಕ್ರೈಸ್ತ ಹೆಸರು. ಊರಿನ ವಿಳಾಸ ಪಟ್ಟಿಯಲ್ಲಿರಲಿಲ್ಲ. ಅದು ಇದ್ದದ್ದು ಅರ್ಜಿಯಲ್ಲಿ, ಅರ್ಜಿ ಇದ್ದದ್ದು ನನ್ನ ಕುರ್ಚಿಯಿಂದ ಹತ್ತು ಹೆಜ್ಜೆ ದೂರದ ಕಪಾಟಿನಲ್ಲಿ. ನಾನು ಏಳಲಿಲ್ಲ. ಮೂರನೇ ಮಹಡಿಯ ಒಂದು ಕೋಣೆ ಬರೆದೆ. ಪೊಲೀಸ್ ನಮೂನೆಯಲ್ಲಿ ಅವಳ ಹೆಸರು ಸೇರಿಸಿ, ಪಾಸ್‌ಪೋರ್ಟ್ ನಂಬರಿನ ಕಡೆ ‘ಬರಬೇಕಿದೆ’ ಎಂದು ಹಾಕಿ, ಆಮೇಲೆ ತಡವಾಗದಿರಲೆಂದು ಮುಂಚೆಯೇ ಕಳಿಸಿಬಿಟ್ಟೆ.

ಅವಳು ಬಂದದ್ದು ಶನಿವಾರ ಸಂಜೆ, ನಾನು ಊರಿಗೆ ಹೋದ ಮೇಲೆ. ಗೇಟಿನ ಕಾವಲುಗಾರ ಪಟ್ಟಿ ನೋಡಿ ಕೀಲಿ ಕೊಟ್ಟ, ಅವಳು ತೆಗೆದುಕೊಂಡು ಮೇಲೆ ಹೋದಳು. ಕೊಟ್ಟ ಕೋಣೆಗೆ ಹೋಗುವುದು ಬಿಟ್ಟರೆ ಹೊಸ ಹುಡುಗಿಗೆ ಇನ್ನೇನು ಗೊತ್ತಾಗಬೇಕು?

ಮೊದಲ ಎರಡು ವಾರ ಅವಳನ್ನು ನಾನು ಊಟದ ಮನೆಯಲ್ಲಿ ನೋಡುತ್ತಿದ್ದೆ. ಸುತ್ತ ಯಾವಾಗಲೂ ನಾಲ್ಕು ಹುಡುಗಿಯರು. ಸುರಪುರದವರು, ಬಳಿಚಕ್ರದವರು, ಹಳ್ಳಿ ಬಿಟ್ಟು ಮೊದಲ ಸಲ ಹೊರಗೆ ಬಂದವರು. ಹರಕುಮುರುಕು ಇಂಗ್ಲಿಷಿನಲ್ಲಿ ಏನೇನೋ ಕೇಳುವುದು, ಫೋನಿನಲ್ಲಿ ಜೊತೆ ನಿಂತು ಫೋಟೋ ತೆಗೆಸಿಕೊಳ್ಳುವುದು, ಕೂದಲು ಮುಟ್ಟಲೇ ಎಂದು ಕೇಳಿ ಮುಟ್ಟಿ ನಗುವುದು. ಅವಳು ಒಂದೆರಡು ಶಬ್ದ ಇಂಗ್ಲಿಷಿನಲ್ಲೇ ಹೇಳಿ ನಗುತ್ತಿದ್ದಳು. ನಮ್ಮ ಕಡೆಯ ಹುಡುಗಿಯರು ಎಷ್ಟು ಬೇಗ ಬೆರೆತುಬಿಟ್ಟರು ಎಂದು ನನಗೆ ಒಳಗೊಳಗೇ ಹೆಮ್ಮೆ.

ಠಾಣೆಯಿಂದ ಎರಡು ಸಲ ಫೋನ್ ಬಂತು. ಪ್ರವೇಶದ ಗದ್ದಲದಲ್ಲಿ ಇವತ್ತು ನಾಳೆ ಎಂದು ತಳ್ಳಿದೆ. ಮೂರನೇ ಸಲ ಫೋನ್ ಬರಲಿಲ್ಲ, ಮಹಿಳಾ ಪೇದೆಯೇ ಬಂದರು.

“ಮೇಡಂ, ಈ ಒಬ್ಬಾಕಿದು ಪಾಸ್‌ಪೋರ್ಟ್ ನಂಬರ್ ಖಾಲಿ ಐತಿ. ಇನ್ನ ಹಂಗ ಬಿಡಾಕ ಬರಂಗಿಲ್ರಿ,” ಅಂದರು.

ಹುಡುಗಿಯನ್ನು ಕರೆಸಿದೆ. ಬಂದು ನಿಂತಳು. ನಾನು ಎರಡೂ ಕೈ ಪುಸ್ತಕದಂತೆ ತೆರೆದು ಪಾಸ್‌ಪೋರ್ಟ್, ಪಾಸ್‌ಪೋರ್ಟ್ ಎಂದು ಕಿವುಡರಿಗೆ ಹೇಳಿದಂತೆ ಜೋರಾಗಿ ಕೇಳಿದೆ. ಅವಳು ನನ್ನನ್ನೂ ಪೇದೆಯ ಖಾಕಿ ಬಟ್ಟೆಯನ್ನೂ ನೋಡಿದಳು.

“ಪಾಸ್‌ಪೋರ್ಟ್ ಎಲ್ಲಿಂದ ತರಲಿ ಮೇಡಂ? ನಮ್ಮದು ಯಲ್ಲಾಪುರ ತಾಲ್ಲೂಕು. ನಾವು ಸಿದ್ದಿಯರು,” ಅಂದಳು.

ನನ್ನ ಕೈ ಹಾಗೇ ತೆರೆದುಕೊಂಡಿತ್ತು. ಸಿದ್ದಿಯರ ವಿಷಯ ನನಗೆ ಗೊತ್ತಿಲ್ಲದ್ದೇನಲ್ಲ. ಹಿಂದೊಂದು ಕಾಲದಲ್ಲಿ ಆಫ್ರಿಕಾದಿಂದ ಹಡಗಿನಲ್ಲಿ ತಂದ ಜನ, ತಲೆಮಾರುಗಳಿಂದ ಉತ್ತರ ಕನ್ನಡದ ಕಾಡಿನಲ್ಲಿ ಕನ್ನಡ ಕೊಂಕಣಿ ಆಡಿಕೊಂಡು ಬದುಕಿದವರು ಎಂದು ಓದಿದ್ದೆ. ಓದಿದ್ದು ತಲೆಯಲ್ಲಿತ್ತು, ಫೋಟೋ ನೋಡುವಾಗ ಎಲ್ಲಿ ಹೋಗಿತ್ತೋ. ಆಗ ನಾಚಿಕೆ ಮುಚ್ಚಿಕೊಳ್ಳಲು ನಾನೊಂದು ಮಾತಾಡಿದೆ. ಕನ್ನಡ ಎಷ್ಟು ಛಲೋ ಮಾತಾಡ್ತೀಯವ್ವಾ ಅಂದುಬಿಟ್ಟೆ.

“ಮತ್ತೆ ಯಾವುದು ಮಾತಾಡಲಿ ಮೇಡಂ?” ಅಂದಳು. ಸಿಟ್ಟಿನಿಂದಲ್ಲ, ಸುಮ್ಮನೆ.

ಈ ಮಾತನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದೇನೆ. ಮನೆಯಲ್ಲಿ ನಮ್ಮದು ದಖನಿ ಉರ್ದು. ಆದರೆ ಗೋಗಿಯ ಶಾಲೆಯಲ್ಲಿ ಕನ್ನಡ ಕಲಿತು, ಕನ್ನಡದಲ್ಲೇ ಎಂ.ಎ. ಮಾಡಿದವಳು ನಾನು. ಇಂದಿಗೂ ಯಾವ ಆಫೀಸಿಗೆ ಹೋದರೂ ಹೆಸರು ಕೇಳಿದ ಮೇಲೆ ಒಬ್ಬರಾದರೂ ನಿಮ್ಮ ಕನ್ನಡ ಭಾಳ ಶುದ್ಧ ಅದರಿ ಅನ್ನುತ್ತಾರೆ. ಹೊಗಳಿದೆವು ಎಂದುಕೊಳ್ಳುತ್ತಾರೆ ಪುಣ್ಯಾತ್ಮರು. ಅದು ಎಲ್ಲಿ ಚುಚ್ಚುತ್ತದೆ ಎಂದು ಇಡೀ ಜಿಲ್ಲೆಯಲ್ಲಿ ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಅಂಥ ನಾನೇ ಆ ಮಾತನ್ನು ಈ ಮಗುವಿಗೆ ಆಡಿದೆ. ನನ್ನ ನಾಲಿಗೆಗೆ ಬೆಂಕಿ ಹಾಕ.

ಅವಳು ಆಧಾರ್ ಕಾರ್ಡು, ಜಾತಿ ಪ್ರಮಾಣಪತ್ರ ತಂದು ತೋರಿಸಿದಳು. ಪೇದೆ ಒಳ್ಳೆಯ ಹೆಂಗಸು, ತಾವೂ ಪೇಚಾಡಿದರು. ಆದರೆ ವಿದೇಶಿ ಎಂದು ಒಮ್ಮೆ ದಾಖಲಾದ ಹೆಸರನ್ನು ಅಳಿಸಲು ಬಾಯಿಮಾತು ಸಾಲದು. ಪ್ರವೇಶ ವಿಭಾಗದ ಪತ್ರ ಬೇಕು, ತಪ್ಪು ಹೇಗಾಯಿತೆಂದು ನನ್ನ ಲಿಖಿತ ಹೇಳಿಕೆ ಬೇಕು, ಪಟ್ಟಿ ತಿದ್ದಿದ್ದೇವೆ ಎಂದು ವಿದೇಶಿ ವಿದ್ಯಾರ್ಥಿಗಳ ವಿಭಾಗದ ಅಧಿಕಾರಿಯ ಸಹಿ ಬೇಕು. ಅಲ್ಲಿಯವರೆಗೆ ಹುಡುಗಿ ಊರು ಬಿಟ್ಟು ಹೋಗುವ ಹಾಗಿಲ್ಲ ಎಂದು ಹೇಳಿ ಹೋದರು.

ಪೇದೆ ಹೋದ ಮೇಲೆ ನಾನು ತಪ್ಪಾತವ್ವಾ ಅಂದೆ. ಅವಳು ಒಂದೇ ಮಾತು ಕೇಳಿಕೊಂಡಳು. “ಕಾಗದ ಸರಿ ಮಾಡಿಸಿ ಮೇಡಂ, ಅಷ್ಟು ಸಾಕು. ಹುಡುಗಿಯರಿಗೆ ನಾನೇ ನಿಧಾನಕ್ಕೆ ಹೇಳ್ತೇನೆ.”

ಆಯಿತು ಅಂದೆ. ಸಂಕೋಚದ ಹುಡುಗಿ ಎಂದಷ್ಟೇ ತಿಳಿದೆ.

ಪ್ರವೇಶ ವಿಭಾಗದ ಪತ್ರ ಅದೇ ದಿನ ಸಿಕ್ಕಿತು. ನನ್ನ ಹೇಳಿಕೆ ಬರೆದೆ. ಸಿಕ್ಕಿಕೊಂಡದ್ದು ಮೂರನೆಯ ಸಹಿಯಲ್ಲಿ. ಆ ಅಧಿಕಾರಿ ನನ್ನ ಕಾಗದ ಓದಿ, ಮಡಚಿ, ಮೇಜಿನ ಗಾಜಿನ ಕೆಳಗೆ ತಳ್ಳಿದರು. ಮುಂದಿನ ತಿಂಗಳು ವಿಶ್ವವಿದ್ಯಾಲಯದ ಗುಣಮಟ್ಟ ನೋಡಲು ಒಂದು ಪರಿಶೀಲನಾ ತಂಡ ಬರುವುದಿತ್ತು. ವಿದೇಶಿ ವಿದ್ಯಾರ್ಥಿಗಳು ಹೆಚ್ಚಿದ್ದಷ್ಟೂ ಒಳ್ಳೆಯದು.

“ತಂಡ ಬಂದು ಹೋಗೋ ತನಕ ಸುಮ್ನಿರ್ರಿ ಮೇಡಂ. ಈಗ ಪಟ್ಟಿಯೊಳಗ ಒಂದ್ ತಲಿ ಕಮ್ಮಿ ಮಾಡಿ ಯಾರಿಗೇನ್ ಸಿಗಬೇಕಾಗೈತಿ?” ಅಂದರು.

ಅಷ್ಟೇ ಆಗಿದ್ದರೆ ಬೇರೆ ಮಾತು. ಎರಡು ದಿನ ಬಿಟ್ಟು ಪ್ರಚಾರ ವಿಭಾಗದಿಂದ ಒಬ್ಬ ಫೋಟೋಗ್ರಾಫರ್ ಬಂದ. ಕರಪತ್ರಕ್ಕೆ ಬೇರೆ ಬೇರೆ ದೇಶದ ಹುಡುಗಿಯರು ಕೈ ಕೈ ಹಿಡಿದು ನಿಂತ ಚಿತ್ರ ಬೇಕಂತೆ. ಈ ಹುಡುಗಿಯೂ ಬೇಕು, ಯಾವುದಾದರೂ ಒಂದು ಬಾವುಟ ಹಿಡಿಸಿದರಾಯಿತು ಅಂದ. ಯಾವ ದೇಶದ ಬಾವುಟ ಅಂತ ಕೇಳಿದೆ. ಅವನು ನನ್ನ ಕಡೆ ನೋಡಿ, ನೀವೇ ಹೇಳ್ರಿ ಮೇಡಂ ಅಂದ.

ಅವನನ್ನು ಹೇಗೋ ಸಾಗಹಾಕಿದೆ. ಇತ್ತ ಹಾಸ್ಟೆಲಿನಲ್ಲಿ ಗುಸುಗುಸು ಶುರುವಾಗಿತ್ತು. ಪೊಲೀಸರು ಬಂದದ್ದನ್ನು ಎಲ್ಲರೂ ನೋಡಿದ್ದರು. ಅವಳ ಪಾಸ್‌ಪೋರ್ಟ್ ಖೋಟಾ ಅಂತೆ, ಹಡಗಿನಲ್ಲಿ ಕದ್ದು ಬಂದಾಳಂತೆ ಎಂದು ಬಾಯಿಂದ ಬಾಯಿಗೆ ಹಬ್ಬಿತು. ಊಟದ ಮನೆಯ ಅಡಿಗೆಯವಳು ನನ್ನನ್ನೇ ತಡೆದು, ಖರೇನೇನ್ರಿ ಮೇಡಂ ಎಂದು ಕೇಳಿದಳು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ನನ್ನನ್ನು ಬಲ್ಲವರಿಗೆಲ್ಲ ಗೊತ್ತು. ನೆಟ್ಟಗೆ ಆಫೀಸಿಗೆ ಬಂದು ಕಂಪ್ಯೂಟರಿನ ಮುಂದೆ ಕೂತು ಒಂದು ಸೂಚನೆ ಟೈಪ್ ಮಾಡಿದೆ.

ಇಂಥ ಹೆಸರಿನ ವಿದ್ಯಾರ್ಥಿನಿ ವಿದೇಶಿಯಲ್ಲ, ಕರ್ನಾಟಕದ ಯಲ್ಲಾಪುರ ತಾಲ್ಲೂಕಿನವಳು, ಪರಿಶಿಷ್ಟ ಪಂಗಡಕ್ಕೆ ಸೇರಿದ ಸಿದ್ದಿ ಸಮುದಾಯದವಳು, ಕಚೇರಿಯ ತಪ್ಪಿನಿಂದ ಅವಳ ಹೆಸರು ವಿದೇಶಿಯರ ಪಟ್ಟಿಯಲ್ಲಿ ಸೇರಿದೆ, ಆ ತಪ್ಪು ಸಹಾಯಕ ವಾರ್ಡನ್ನರದು, ಯಾರೂ ಸುಳ್ಳು ಸುದ್ದಿ ಹಬ್ಬಿಸಬಾರದು. ಕೆಳಗೆ ಸಹಿ, ಮೊಹರು. ಒಂದು ಪ್ರತಿ ಕುಲಸಚಿವರಿಗೆ, ಒಂದು ಠಾಣೆಗೆ, ಒಂದು ಊಟದ ಮನೆಯ ಬಾಗಿಲ ಪಕ್ಕದ ಫಲಕಕ್ಕೆ. ಅಂಟಿಸಿ ಬಂದಾಗ ಎದೆ ಹಗುರವಾಗಿತ್ತು. ನೌಕರಿ ಹೋದರೆ ಹೋಗಲಿ ಎಂಬ ಧೈರ್ಯವೂ ಬಂದಿತ್ತು.

ನೌಕರಿ ಹೋಗಲಿಲ್ಲ. ವಿದೇಶಿ ವಿಭಾಗದ ಅಧಿಕಾರಿ ಕೂಗಾಡಿದರು, ಕಾರಣ ಕೇಳುವ ನೋಟಿಸು ಬಂತು, ಉತ್ತರ ಕೊಟ್ಟೆ. ಕುಲಸಚಿವರಿಗೆ ಪ್ರತಿ ಹೋಗಿದ್ದರಿಂದ ಅಧಿಕಾರಿ ಸಹಿ ಹಾಕಲೇಬೇಕಾಯಿತು. ವಾರದೊಳಗೆ ಪೇದೆ ಫೋನ್ ಮಾಡಿ, ಹೆಸರು ತೆಗೆದ್ವಿ ಮೇಡಂ, ಇನ್ನ ಚಿಂತಿ ಬಿಡ್ರಿ ಅಂದರು. ಗೆದ್ದೆ ಅಂದುಕೊಂಡೆ.

ಹೆಸರು ವಿದೇಶಿಯರ ಪಟ್ಟಿಯಿಂದ ಹೋದ ಮೇಲೆ ಮೂರನೇ ಮಹಡಿಯಲ್ಲಿ ಇರಲು ನಿಯಮವಿಲ್ಲ. ಅವಳ ಕೋಣೆಯಲ್ಲಿದ್ದ ತಾಂಜಾನಿಯಾದ ಹುಡುಗಿಗೂ ಇವಳಿಗೂ ಭಾಷೆ ಅಷ್ಟಾಗಿ ಕೂಡಿರಲಿಲ್ಲ. ಒಬ್ಬಳದು ಸ್ವಾಹಿಲಿ, ಇನ್ನೊಬ್ಬಳು ಕನ್ನಡ ಮಾಧ್ಯಮದಲ್ಲಿ ಓದಿದವಳು. ಆದರೂ ಆ ಹುಡುಗಿ ಬಂದು, ಇವಳು ಯಾಕೆ ಹೋಗಬೇಕು ಎಂದು ನನ್ನನ್ನು ಕೇಳಿದಳು. ನಿಯಮ ಅಂದೆ. ಕೆಳಗೆ ನರ್ಸಿಂಗಿನವರದೇ ಒಂದು ಕೋಣೆಯಲ್ಲಿ ಮೂರನೇ ಮಂಚ ಖಾಲಿ ಇತ್ತು. ಉಳಿದಿಬ್ಬರಲ್ಲಿ ಒಬ್ಬಳು ಸುರಪುರದವಳು, ಒಬ್ಬಳು ಬಳಿಚಕ್ರದವಳು. ಊಟದ ಮನೆಯಲ್ಲಿ ಅವಳ ಪಕ್ಕ ಕೂತು ಫೋಟೋ ತೆಗೆಸಿಕೊಂಡವರು ಇವರೇ. ಇದಕ್ಕಿಂತ ಒಳ್ಳೆಯ ಜಾಗ ಇಲ್ಲ ಎಂದು ಖುಷಿಯಿಂದ ಬರೆದೆ.

ಮರುದಿನ ಬೆಳಿಗ್ಗೆ ನನ್ನ ಮೇಜಿನ ಮೇಲೆ ಎರಡು ಅರ್ಜಿ. ಎರಡರಲ್ಲೂ ಒಂದೇ ಒಕ್ಕಣೆ, ‘ಅಭ್ಯಾಸಕ್ಕೆ ತೊಂದರೆಯಾಗುತ್ತಿರುವುದರಿಂದ ಕೋಣೆ ಬದಲಿಸಿಕೊಡಬೇಕಾಗಿ ವಿನಂತಿ’. ಕರೆದು ಕೇಳಿದರೆ ನೆಲ ನೋಡಿದರು. ತಿರಸ್ಕರಿಸಿದೆ. ನಾಲ್ಕನೇ ದಿನ ಸುರಪುರದ ಹುಡುಗಿಯ ತಂದೆ ಬಂದರು. ತಾಲ್ಲೂಕು ಕಚೇರಿಯಲ್ಲಿ ಸಣ್ಣ ನೌಕರಿ, ಮೆದು ಮಾತಿನ ಮನುಷ್ಯ. ಕುರ್ಚಿಯ ತುದಿಯಲ್ಲಿ ಕೂತು ಹೇಳಿದರು.

“ನಮ್ಮ ಮನಸ್ಸಿನ್ಯಾಗ ಏನಿಲ್ರಿ ಮೇಡಂ. ವಿದೇಶದಾಕಿ ಇದ್ದಿದ್ರ ಮಾತ್ ಬ್ಯಾರೆ ಇತ್ತು. ಇವರು ಅಡವಿ ಮಂದಿ. ನಾಳೆ ನಮ್ಮ ಹುಡುಗಿಗೆ ವರ ನೋಡಬೇಕಾದ್ರ, ಯಾರ ಕೂಡ ಇದ್ಲು ಅಂತ ಕೇಳ್ತಾರ್ರಿ.”

ನಾನು ಬಾಯಿಗೆ ಬಂದಂತೆ ಅಂದೆ. ಅವರು ಎದುರಾಡಲಿಲ್ಲ, ಕೈ ಮುಗಿದು ಹೋದರು. ಅಂದಿನಿಂದ ಇಬ್ಬರು ಹುಡುಗಿಯರೂ ಪುಸ್ತಕ, ಗಾದಿ ಹೊತ್ತುಕೊಂಡು ಪಕ್ಕದ ಕೋಣೆಯ ಗೆಳತಿಯರ ಜೊತೆ ನೆಲದ ಮೇಲೆ ಮಲಗತೊಡಗಿದರು. ಹಾಜರಿ ಪುಸ್ತಕದಲ್ಲಿ ಅವರ ಕೋಣೆ ಇದೇ. ನಾನು ಯಾವ ನಿಯಮ ಹೇಳಿ ಅವರನ್ನು ಎಳೆದು ತರಲಿ? ಊಟದ ಮನೆಯಲ್ಲಿ ಅವಳು ಕೂತ ಬೆಂಚಿನಲ್ಲಿ ಈಗ ಯಾರೂ ಕೂರುತ್ತಿರಲಿಲ್ಲ. ಬೈಯುತ್ತಿರಲಿಲ್ಲ, ಹೀಯಾಳಿಸುತ್ತಲೂ ಇರಲಿಲ್ಲ. ಹಾಗೆ ಮಾಡಿದ್ದರೆ ನಾನು ಒಂದು ಕ್ರಮವನ್ನಾದರೂ ಕೈಗೊಳ್ಳಬಹುದಿತ್ತು.

ನಮ್ಮ ಹಾಸ್ಟೆಲಿನಲ್ಲಿ ಭಾನುವಾರದ ಒಂದು ರೂಢಿ ಇತ್ತು. ಊರಿಗೆ ಹೋಗಿ ಬಂದವರು ಬುತ್ತಿಗಂಟುಗಳನ್ನು ವರಾಂಡದಲ್ಲಿ ಹಳೇ ಪೇಪರು ಹಾಸಿ ಬಿಚ್ಚುತ್ತಿದ್ದರು. ಕಟಕ ರೊಟ್ಟಿ, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ, ಪುಂಡಿಪಲ್ಯ, ಎಲ್ಲರದೂ ಕಲೆತು ಒಂದೇ ಊಟ. ಬುತ್ತಿ ತರದವರನ್ನೂ ಕೈ ಹಿಡಿದು ಕೂರಿಸುತ್ತಿದ್ದರು. ಅವಳನ್ನು ಮೂರು ಭಾನುವಾರ ಯಾರೂ ಕರೆಯಲಿಲ್ಲ. ಬಾಗಿಲು ಮುಂದೆ ಮಾಡಿಕೊಂಡು ಒಳಗೆ ಕೂತಿರುತ್ತಿದ್ದಳು. ನಗು, ಬಳೆ ಸದ್ದು, ಹಿಂಡಿಯ ವಾಸನೆ ಎಲ್ಲ ಒಳಗೆ ಹೋಗುತ್ತಿದ್ದವು.

ನಾನೇ ಬುತ್ತಿ ತರುತ್ತೇನೆ, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಿಚ್ಚುತ್ತೇನೆ, ಆಗ ಹೇಗೆ ಬರುವುದಿಲ್ಲ ನೋಡೋಣ ಎಂದುಕೊಂಡೆ. ಶನಿವಾರ ಗೋಗಿಗೆ ಹೋಗಿ ಅಮ್ಮಿಗೆ ಹೇಳಿದೆ. ಅಮ್ಮಿ, ಅವರು ನಮ್ಮ ಮನೆಯದು ತಿನ್ನುತ್ತಾರಾ ಎಂದು ಮೆಲ್ಲಗೆ ಕೇಳಿದಳು. ಒಂಬತ್ತು ವರ್ಷದಿಂದ ಆ ಹಾಸ್ಟೆಲಿನ ಹುಡುಗಿಯರ ಜ್ವರಕ್ಕೆ ಗುಳಿಗೆ ಕೊಟ್ಟವಳು ನಾನು, ಹುಚ್ಚು ಮಾತಾಡಬೇಡ ಎಂದು ಗದರಿಸಿದೆ. ಮೊಟ್ಟೆ ಮಾಂಸ ಏನೂ ಬೇಡವೆಂದು ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಹಿಂಡಿ ಅಷ್ಟೇ ಮಾಡಿಸಿದೆ. ಅಮ್ಮಿ ಡಬ್ಬಿಗಳನ್ನು ಮೂರು ಸಲ ಉಜ್ಜಿ ತೊಳೆದಳು.

ವರಾಂಡದಲ್ಲಿ ಪೇಪರು ಹಾಸಿ, ಅವಳನ್ನು ಎಬ್ಬಿಸಿಕೊಂಡು ಬಂದು ಕೂರಿಸಿ, ಬರ್ರಿ ಎಲ್ಲಾರೂ ಎಂದು ಕೂಗಿದೆ. ಹುಡುಗಿಯರು ಬಂದರು, ನಿಂತರು, ಡಬ್ಬಿ ನೋಡಿದರು. ಒಬ್ಬಳಿಗೆ ಹೊಟ್ಟೆ ತುಂಬಿತ್ತು. ಇನ್ನೊಬ್ಬಳಿಗೆ ಆ ದಿನ ಉಪವಾಸ ನೆನಪಾಯಿತು. ಬಳಿಚಕ್ರದ ಹುಡುಗಿ ಮಾತ್ರ ನೆಪ ಹೇಳಲಿಲ್ಲ. ಅವಳ ಕಣ್ಣಲ್ಲಿ ನೀರಿತ್ತು.

“ನಿಮ್ಮ ಮನಿ ರೊಟ್ಟಿ ನಮ್ಮನ್ಯಾಗ ನಡಿಯಂಗಿಲ್ರಿ ಮೇಡಂ. ಸಿಟ್ಟಾಗಬ್ಯಾಡ್ರಿ.”

ಅವರು ಹೋದ ಮೇಲೆ ಅಷ್ಟುದ್ದದ ಪೇಪರಿನ ಮೇಲೆ ನಾವಿಬ್ಬರೇ. ಒಂಬತ್ತು ವರ್ಷ ಇಂಥ ಹುಡುಗಿಯರ ಜೊತೆ ಇದ್ದೆ, ಬುತ್ತಿ ಬಿಚ್ಚಿ ನೋಡಿರಲಿಲ್ಲ ಅಷ್ಟೇ. ಅವಳನ್ನು ನಡುಮನೆಗೆ ಕರೆದೊಯ್ಯುತ್ತೇನೆ ಎಂದು ಹೊರಟವಳು ನಾನೇ ಹೊಸ್ತಿಲ ಹೊರಗೆ ನಿಂತಿದ್ದೇನೆ ಎಂದು ಅಂದು ತಿಳಿಯಿತು. ಅವಳು ಮೂರು ರೊಟ್ಟಿ ತಿಂದಳು, ನನ್ನ ಸಲುವಾಗಿಯೇ ತಿಂದಳು ಅನಿಸುತ್ತದೆ. ನನ್ನಿಂದ ನಿಮಗೂ ಹೀಗಾಯಿತಲ್ಲ ಮೇಡಂ ಅಂದಳು. ನಿನ್ನಿಂದಲ್ಲ ಅಂದೆ.

ಹತ್ತು ದಿನದ ನಂತರ ಅವಳು ಆಫೀಸಿಗೆ ಬಂದು ಹಾಸ್ಟೆಲ್ ಬಿಡುವ ನಮೂನೆ ಕೊಟ್ಟಳು. ಕೋರ್ಸನ್ನೂ ಬಿಡುತ್ತಿದ್ದಳು. ಅವರ ಕೇರಿಯಿಂದ ನರ್ಸಿಂಗಿಗೆ ಬಂದವಳು ಅವಳೊಬ್ಬಳೇ ಎಂದು ಅರ್ಜಿಯಲ್ಲಿ ನಾನು ತಡವಾಗಿ ಓದಿಕೊಂಡಿದ್ದೆ. ಕೂರಿಸಿದೆ, ಬೈದೆ, ಬೇಡಿಕೊಂಡೆ. ಇನ್ನೊಂದು ವರ್ಷ ತಡೆದುಕೋ ಅಂದೆ. ಕಾಗದ ಎಲ್ಲ ಸರಿಯಾಗಿದೆಯಲ್ಲ, ಇನ್ನು ಯಾರೂ ನಿನ್ನನ್ನು ಪ್ರಶ್ನೆ ಮಾಡುವ ಹಾಗಿಲ್ಲ ಅಂದೆ.

“ಹೊರದೇಶದವಳು ಅಂತ ಇದ್ದಾಗ ಪಕ್ಕದಲ್ಲಿ ಕೂರ್ತಿದ್ರು ಮೇಡಂ,” ಅಂದಳು. “ತಟ್ಟೆಯಿಂದ ರೊಟ್ಟಿ ಮುರಿದು ಕೊಡ್ತಿದ್ರು, ಖಾರನಾ ಅಂತ ಕೇಳ್ತಿದ್ರು. ನಾನೂ ಸುಮ್ಮನಿದ್ದೆ. ನನ್ನನ್ನ ಅಷ್ಟು ಚಂದ ಯಾರೂ ನೋಡಿರಲಿಲ್ಲ. ಈಗಲೂ ಅದೇ ಮುಖ, ಅದೇ ಕೂದಲು. ಯಲ್ಲಾಪುರದ್ದು ಅಂದ ಕೂಡಲೇ ಯಾರಿಗೂ ಬೇಡ ಆಯ್ತು.”

ಮುಂದಿನದನ್ನೂ ಅವಳೇ ಹೇಳಿದಳು. “ಬಳಿಚಕ್ರದವಳಿಗೆ ಮೊದಲು ಹೇಳಬೇಕು ಅಂತ ಇಟ್ಟುಕೊಂಡಿದ್ದೆ. ಅವಳು ನಂಗೆ ಜಡೆ ಹಾಕಲು ನೋಡಿ ನೋಡಿ ಸೋತಿದ್ದಳು. ಸ್ವಲ್ಪ ಸಲಿಗೆ ಬೆಳೆಯಲಿ, ಆಮೇಲೆ ಹೇಳೋಣ ಅಂತಿದ್ದೆ. ಅಷ್ಟರಲ್ಲಿ ನೀವು ಅಂಟಿಸಿದ್ರಿ.”

ಆ ಸೂಚನೆಯಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅದೇ ನನ್ನನ್ನು ಇಂದಿಗೂ ತಿನ್ನುತ್ತಿರುವುದು. ನನ್ನ ತಪ್ಪು ತೊಳೆದುಕೊಳ್ಳುವ ಆತುರದಲ್ಲಿ ಅವಳು ಹೇಳಬೇಕಾದದ್ದನ್ನು ಅವಳ ಬಾಯಿಂದ ಕಿತ್ತು, ಜಾತಿ ಸಮೇತ, ಮೊಹರು ಒತ್ತಿ ಬಾಗಿಲಿಗೆ ಹಚ್ಚಿದ್ದೆ. ಅವಳು ಹೇಳಿದ್ದರೂ ಹೀಗೇ ಆಗುತ್ತಿತ್ತೋ ಏನೋ. ಅದನ್ನು ತಿಳಿಯುವ ದಾರಿಯನ್ನೂ ನಾನು ಉಳಿಸಲಿಲ್ಲ.

ನಮೂನೆಯಲ್ಲಿ ಬಿಡುವ ಕಾರಣದ ಅಂಕಣ ಖಾಲಿ ಇತ್ತು. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ, ಮೇಲಿನವರಿಗೆ ತಿಳಿಯಲಿ ಎಂದು ಪೆನ್ನು ತೆಗೆದೆ. ಅವಳು ಕಾಗದದ ಮೇಲೆ ಅಂಗೈ ಇಟ್ಟಳು. ಬೇಡ ಮೇಡಂ, ಮನೆಯಲ್ಲಿ ಹುಷಾರಿಲ್ಲ ಅಂತ ಬರೆದುಬಿಡಿ ಅಂದಳು. ಈ ಸಲ ಅವಳು ಹೇಳಿದ್ದನ್ನೇ ಬರೆದು ಸಹಿ ಹಾಕಿದೆ. ಮಧ್ಯಾಹ್ನ ಶಹಾಪುರದ ತನಕ ಅವಳ ಜೊತೆ ಹೋಗಿ ಹುಬ್ಬಳ್ಳಿ ಬಸ್ಸಿಗೆ ಹತ್ತಿಸಿ ಬಂದೆ. ಕಿಟಕಿಯಿಂದ ಕೈ ಬೀಸಿದಳು, ನಗಲಿಲ್ಲ.

ಮರುದಿನ ಬೆಳಿಗ್ಗೆ ಸುರಪುರದವಳು, ಬಳಿಚಕ್ರದವಳು ಗಾದಿ ಸುತ್ತಿ ತಲೆಯ ಮೇಲೆ ಹೊತ್ತುಕೊಂಡು ತಮ್ಮ ಕೋಣೆಗೆ ವಾಪಸ್ ಬಂದರು. ನೆಲ ಒರೆಸಿದರು, ಮಂಚ ಸರಿಸಿ ಹೊಂದಿಸಿಕೊಂಡರು. ಆಮೇಲೆ ಇಬ್ಬರೂ ನನ್ನ ಆಫೀಸಿನ ಬಾಗಿಲಿಗೆ ಬಂದು ನಿಂತರು. ಸುರಪುರದವಳು ಹೇಳಿದಳು.

“ಮೇಡಂ, ನಮ್ಮ ಕೋಣ್ಯಾಗ ಮೂರನೇ ಮಂಚ ಖಾಲಿ ಆಗೈತ್ರಿ. ಯಾರನ್ನರ ಹಾಕ್ರಿ, ನಮಗೇನೂ ತಕರಾರಿಲ್ಲ.”